ಗೌಟ್‌ನ ಎರಡು ಬಗೆಯ ಮಾತ್ರೆಗಳು: ಯಾವುದು ಯಾವಾಗ, ಎಷ್ಟು ಕಾಲ

ಮಂಗಳೂರು, ಉಡುಪಿ, ಕುಂದಾಪುರದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. "ತಪಾಸಣೆಯಲ್ಲಿ ಯೂರಿಕ್ ಆಸಿಡ್ 8 ಬಂದಿದೆ, ಮಾತ್ರೆ ಶುರು ಮಾಡಬೇಕೆ?" ಎಂಬುದು ಮೊದಲನೆಯದು. "ಗೌಟ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ನೋವು ಹೋಯಿತೆಂದು ಬಿಟ್ಟೆ, ಈಗ ಮತ್ತೆ ಕಾಲು ನೆಲಕ್ಕೆ ಊರಲಾಗುತ್ತಿಲ್ಲ, ಏನು ಮಾಡಲಿ?" ಎಂಬುದು ಎರಡನೆಯದು. ಎರಡರ ಹಿಂದೆಯೂ ಇರುವುದು ಒಂದೇ ಗೊಂದಲ. ಗೌಟ್‌ಗೆ (ಯೂರಿಕ್ ಆಸಿಡ್ ಕೀಲುಗಳಲ್ಲಿ ಹರಳಾಗಿ ಕೂತು ಬರುವ ನೋವಿಗೆ) ಕೊಡುವ ಔಷಧಗಳಲ್ಲಿ ಎರಡು ವರ್ಗಗಳಿವೆ: ಕೀಲಿನ ಉರಿಯೂತವನ್ನು ಶಮನ ಮಾಡುವವು ಕೆಲವು, ರಕ್ತದಲ್ಲಿರುವ ಯೂರಿಕ್ ಆಸಿಡ್ ಇಳಿಸುವವು ಕೆಲವು. ಮೊದಲನೆಯವು ಕೆಲವೇ ದಿನಗಳಿಗೆ, ಎರಡನೆಯವು ವರ್ಷಗಟ್ಟಲೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ ಎಂಬುದು ಮನಸ್ಸಿಗೆ ಬಂದರೆ ಮುಂದಿನ ಹಂತಗಳೆಲ್ಲ ಸುಲಭವಾಗುತ್ತವೆ.

ಯೂರಿಕ್ ಆಸಿಡ್ ಎಂದರೆ ನಮ್ಮ ಜೀವಕೋಶಗಳಲ್ಲಿಯೂ ಆಹಾರದಲ್ಲಿಯೂ ಇರುವ ಪ್ಯೂರಿನ್ ಎಂಬ ರಾಸಾಯನಿಕ ಒಡೆದಾಗ ಉಳಿಯುವ ತ್ಯಾಜ್ಯ. ಅದರ ಸುಮಾರು ಮೂರನೇ ಎರಡು ಭಾಗವನ್ನು ಮೂತ್ರಪಿಂಡಗಳೂ ಉಳಿದದ್ದನ್ನು ಕರುಳೂ ಹೊರಹಾಕುತ್ತವೆ. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ತನಕ ಅದು ಕರಗಿರಬಲ್ಲದು. ಹಲಸಿನ ಸೊಳೆ ಹಾಕಿಟ್ಟ ಭರಣಿಯಲ್ಲಿ ನೀರು ಕರಗಿಸಿಕೊಳ್ಳುವುದಕ್ಕಿಂತ ಹೆಚ್ಚು ಉಪ್ಪು ಬಿದ್ದರೆ ತಳದಲ್ಲಿ ಹರಳಾಗಿ ಕೂರುವಂತೆ, ಆ ಮಿತಿಯ ಮೇಲೆ ವರ್ಷಗಟ್ಟಲೆ ಉಳಿದ ಯೂರಿಕ್ ಆಸಿಡ್ ಕೀಲುಗಳಲ್ಲಿ ಸೂಜಿಯಾಕಾರದ ಹರಳುಗಳಾಗಿ ಕೂರುತ್ತದೆ. ದೇಹದ ರೋಗನಿರೋಧಕ ಕಣಗಳು ಒಂದು ರಾತ್ರಿ ಆ ಹರಳುಗಳ ಮೇಲೆ ಎರಗಿದಾಗ ಉಂಟಾಗುವ ಉರಿಯೂತವೇ ಗೌಟ್‌ನ ನೋವು. ಅಂದರೆ ನೋವಿಲ್ಲದ ದಿನಗಳಲ್ಲಿಯೂ ಹರಳು ಅಲ್ಲಿಯೇ ಇರುತ್ತದೆ.

ವೈದ್ಯರನ್ನು ಕಾಣುವ ಮೊದಲು ಕೆಲವು ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಮೊದಲ ನೋವು ಬಂದ ವರ್ಷ, ಒಂದು ವರ್ಷದಲ್ಲಿ ಎಷ್ಟು ಬಾರಿ ಬರುತ್ತದೆ, ಯಾವ ಕೀಲು, ಮೂತ್ರದಲ್ಲಿ ಕಲ್ಲು ಹೋದದ್ದುಂಟೇ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು. ಮಾತ್ರೆಗಳ ಹೆಸರು ಬರೆಯುವುದಕ್ಕೆ ಬದಲಾಗಿ ಅವುಗಳ ಖಾಲಿ ಸ್ಟ್ರಿಪ್ಪುಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಇನ್ನೂ ಒಳ್ಳೆಯದು. ಹಳೆಯ ರಕ್ತಪರೀಕ್ಷೆಯ ವರದಿಗಳಿದ್ದರೆ ಅವೂ ಬೇಕು, ಮುಖ್ಯವಾಗಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡದ ಕೆಲಸ ಎಷ್ಟು ಸರಿಯಿದೆ ಎಂದು ಹೇಳುವ ಸಂಖ್ಯೆ. ಔಷಧದ ಆಯ್ಕೆಯೂ ಪ್ರಮಾಣವೂ ಅದರ ಮೇಲೆ ನಿಂತಿರುತ್ತವೆ.

ಹಂತ 1: ನೋವು ಗೌಟ್‌ನದ್ದೇ ಎಂದು ಖಚಿತಪಡಿಸಿಕೊಳ್ಳಿ

ಗೌಟ್‌ನ ನೋವಿಗೆ ಒಂದು ಸ್ವಭಾವವಿದೆ. ಅದು ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ ಆರಂಭವಾಗಿ ಒಂದು ದಿನದೊಳಗೆ ತಾರಕಕ್ಕೇರುತ್ತದೆ. ಹೆಚ್ಚಿನವರಲ್ಲಿ ಮೊದಲು ಹಿಡಿಯುವುದು ಕಾಲಿನ ಹೆಬ್ಬೆರಳ ಬುಡವನ್ನು, ಕೆಲವರಲ್ಲಿ ಪಾದದ ಮೇಲ್ಭಾಗ, ಹರಡು ಅಥವಾ ಮೊಣಕಾಲನ್ನು. ಕೀಲು ಕೆಂಪಾಗಿ, ಬಿಸಿಯಾಗಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋಯುತ್ತದೆ. ಔಷಧ ಕೊಡದಿದ್ದರೂ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹೀಗೆ ತಾನಾಗಿ ಇಳಿಯುವುದರಿಂದಲೇ ಆ ವಾರ ಮಾಡಿದ ಕಷಾಯ, ಲೇಪ, ಪಥ್ಯ ಎಲ್ಲಕ್ಕೂ ಗುಣಪಡಿಸಿದ ಹೆಸರು ಬರುತ್ತದೆ.

ಇಲ್ಲಿ ಮೂರು ಕಡೆ ಎಡವುತ್ತಾರೆ. ಒಂದು, ನೋವಿನ ದಿನವೇ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಸಹಜವಾಗಿ ಬರಬಹುದು, ಏಕೆಂದರೆ ಉರಿಯೂತದ ಸಮಯದಲ್ಲಿ ಅದು ಕೆಳಗಿಳಿಯುವುದುಂಟು. ಅದನ್ನು ನೋಡಿ "ಗೌಟ್ ಅಲ್ಲ" ಎಂದು ನಿರ್ಧರಿಸದೆ, ನೋವು ಪೂರ್ತಿ ಇಳಿದ ಎರಡು ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಎರಡು, ಇದಕ್ಕೆ ವಿರುದ್ಧವಾದ ತಪ್ಪು: ಯೂರಿಕ್ ಆಸಿಡ್ ಹೆಚ್ಚಿದ್ದು ಎಂದೂ ಕೀಲುನೋವು ಬಾರದವರಿಗೆ ಸಾಮಾನ್ಯವಾಗಿ ಔಷಧದ ಅಗತ್ಯವಿಲ್ಲ. ಅಂಥವರಲ್ಲಿ ಹೆಚ್ಚಿನವರಿಗೆ ಗೌಟ್ ಬರುವುದೇ ಇಲ್ಲ. ಪ್ಯಾಕೇಜ್ ತಪಾಸಣೆಯ ವರದಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿತವಾದ ಒಂದು ಸಂಖ್ಯೆಗೆ ಹೆದರಿ ಮೆಡಿಕಲ್ ಶಾಪ್‌ನಿಂದ ತಾವೇ ಮಾತ್ರೆ ತರಬೇಡಿ. ರಕ್ತದೊತ್ತಡ, ಸಕ್ಕರೆ, ತೂಕ, ಮೂತ್ರಪಿಂಡಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳಲು ಅದೊಂದು ಕಾರಣವೆಂದು ತಿಳಿಯಿರಿ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಒಂದೇ ಕೀಲು ಕೆಂಪಾಗಿ ಊದಿ ಜತೆಗೆ ಚಳಿಜ್ವರ ಬಂದರೆ ಅದು ಕೀಲಿನೊಳಗಿನ ಕೀವಿನ ಸೋಂಕಾಗಿರಬಹುದು. ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು, ಮಂಗಳೂರಿನ ವೆನ್‌ಲಾಕ್ ಆಗಲಿ, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಾಗಲಿ, ನಿಮಗೆ ಹತ್ತಿರವಾದದ್ದು. ಕರಾವಳಿಯ ಮಳೆಗಾಲದಲ್ಲಿ ಡೆಂಗೆ, ಚಿಕೂನ್‌ಗುನ್ಯಾ, ಇಲಿಜ್ವರ ಇವೆಲ್ಲವೂ ಮೈಕೈ ನೋವನ್ನು ತರುತ್ತವೆ. ಡೆಂಗೆ ಇದ್ದಾಗ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಇಲಿಜ್ವರದಲ್ಲಿ ಮೊದಲೇ ಪೆಟ್ಟು ತಿಂದ ಮೂತ್ರಪಿಂಡಗಳಿಗೆ ಇನ್ನಷ್ಟು ಹಾನಿಯಾಗುತ್ತದೆ. ಆದ್ದರಿಂದ ಜ್ವರವಿದ್ದರೆ ರಕ್ತಪರೀಕ್ಷೆಯಾಗುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ.

ಸಂಶಯ ಉಳಿದರೆ ಕೀಲಿನಿಂದ ಸೂಜಿಯಲ್ಲಿ ದ್ರವ ತೆಗೆದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹರಳನ್ನು ನೋಡುವುದೇ ಅತ್ಯಂತ ಖಚಿತವಾದ ಪರೀಕ್ಷೆ. ಮಂಗಳೂರು ಮತ್ತು ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇದರ ಬಗ್ಗೆ ಕೇಳಬಹುದು. ಮುಟ್ಟು ನಿಲ್ಲದ ಹೆಂಗಸರಲ್ಲಿ ಗೌಟ್ ಅಪರೂಪ, ಅವರ ಕೀಲುನೋವಿಗೆ ಬೇರೆ ಕಾರಣಗಳನ್ನು ಮೊದಲು ನೋಡಬೇಕು.

ಹಂತ 2: ನೋವು ಬಂದ ದಿನ

ಉರಿಯೂತದ ಔಷಧ ಎಷ್ಟು ಬೇಗ ಹೊಟ್ಟೆ ಸೇರುತ್ತದೆಯೋ ಅಷ್ಟು ಬೇಗ ಕೆಲಸ ಮಾಡುತ್ತದೆ. ಸಾಧ್ಯವಾದರೆ ಮೊದಲ 12 ಗಂಟೆಗಳೊಳಗೆ. ಈಗಾಗಲೇ ಗೌಟ್ ಎಂದು ಖಚಿತವಾಗಿರುವವರು, ಮುಂದಿನ ಸಲ ನೋವು ಬಂದರೆ ಯಾವ ಮಾತ್ರೆ, ಎಷ್ಟು, ಎಷ್ಟು ದಿನ ಎಂದು ವೈದ್ಯರಿಂದ ಮುಂಚಿತವಾಗಿಯೇ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕು. ನಡುರಾತ್ರಿ ನೋವು ಬಂದಾಗ ಇದರ ಬೆಲೆ ತಿಳಿಯುತ್ತದೆ. ಆಯ್ಕೆಗಳು ಮೂರು.

ನ್ಯಾಪ್ರೊಕ್ಸೆನ್, ಇಂಡೊಮೆಥಾಸಿನ್, ಎಟೊರಿಕಾಕ್ಸಿಬ್ ಮುಂತಾದ ಉರಿಯೂತ ನಿವಾರಕ ನೋವಿನ ಮಾತ್ರೆಗಳು ಮೊದಲನೆಯವು. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಹೃದ್ರೋಗ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇವು ಹೇಳಿದ್ದಲ್ಲ. ಗೌಟ್ ಇರುವವರಲ್ಲಿ ಈ ತೊಂದರೆಗಳು ಜತೆಗೇ ಇರುವುದು ಬಹಳ ಸಾಮಾನ್ಯವಾದ್ದರಿಂದ, ನೆರೆಮನೆಯವರಿಗೆ ಒಗ್ಗಿದ ಮಾತ್ರೆ ನಿಮಗೂ ಒಗ್ಗುತ್ತದೆ ಎಂದುಕೊಳ್ಳುವಂತಿಲ್ಲ.

ಎರಡನೆಯದು ಕೊಲ್ಚಿಸಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 0.5 ಮಿಲಿಗ್ರಾಂ ಮಾತ್ರೆ. ಮೂತ್ರಪಿಂಡ ಸರಿಯಿರುವವರಿಗೆ ಈಗಿನ ಕ್ರಮ ಹೀಗೆ: ಮೊದಲು 1 ಮಿಲಿಗ್ರಾಂ, ಒಂದು ಗಂಟೆ ಬಿಟ್ಟು 0.5 ಮಿಲಿಗ್ರಾಂ, ಆ ದಿನಕ್ಕೆ ಅಷ್ಟೇ; ಮರುದಿನದಿಂದ ನೋವು ಇಳಿಯುವ ತನಕ ದಿನಕ್ಕೆ ಒಂದು ಅಥವಾ ಎರಡು ಮಾತ್ರೆ. ಹಿಂದೆ ಭೇದಿ ಶುರುವಾಗುವ ತನಕ ಗಂಟೆಗೊಂದು ಮಾತ್ರೆ ಕೊಡುವ ಪದ್ಧತಿಯಿತ್ತು, ಇಂದಿಗೂ ಹಿರಿಯರು ಅದನ್ನೇ ಹೇಳಿಕೊಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಕಡಿಮೆ ಪ್ರಮಾಣವೂ ಅಷ್ಟೇ ಗುಣ ಕೊಡುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹೆಚ್ಚಾದ ಕೊಲ್ಚಿಸಿನ್ ಪ್ರಾಣಕ್ಕೇ ಕುತ್ತು ತರಬಲ್ಲದು. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್, ರಕ್ತದೊತ್ತಡಕ್ಕೆ ಕೊಡುವ ವೆರಪಮಿಲ್ ಮತ್ತು ಡಿಲ್ಟಿಯಜೆಮ್, ಶಿಲೀಂಧ್ರಕ್ಕೆ ಕೊಡುವ ಕೆಲವು ಮಾತ್ರೆಗಳು ರಕ್ತದಲ್ಲಿ ಅದರ ಮಟ್ಟವನ್ನು ಅಪಾಯಕರವಾಗಿ ಏರಿಸುತ್ತವೆ. ಕೊಲೆಸ್ಟರಾಲ್‌ನ ಸ್ಟ್ಯಾಟಿನ್ ಮಾತ್ರೆಯ ಜತೆ ತೆಗೆದುಕೊಳ್ಳುವವರು ಸ್ನಾಯುಗಳ ನೋವು, ನಿಶ್ಶಕ್ತಿ ಕಂಡರೆ ಕೂಡಲೇ ತಿಳಿಸಬೇಕು.

ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಕೆಂಪು-ಹಳದಿಯಾಗಿ ಅರಳುವ, ಗೌರಿ ಹೂವೆಂದೂ ಕರೆಯುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ ಇರುವುದು ಇದೇ ಕೊಲ್ಚಿಸಿನ್. ಒಂದು ಗೆಡ್ಡೆಯಲ್ಲಿ ಅದು ಎಷ್ಟಿದೆ ಎಂದು ಅಳೆಯುವ ಉಪಾಯ ಮನೆಯಲ್ಲಿಲ್ಲ. ಆ ಗೆಡ್ಡೆಯನ್ನು ತಿಂದು ಸತ್ತವರಿದ್ದಾರೆ. ಮನೆಮದ್ದೆಂದು ಯಾರು ಹೇಳಿದರೂ ಅದನ್ನು ಅರೆದು ಕುಡಿಯಬೇಡಿ.

ಮೂರನೆಯದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಸಾಮಾನ್ಯವಾಗಿ ದಿನಕ್ಕೆ 30ರಿಂದ 35 ಮಿಲಿಗ್ರಾಂನಂತೆ ಐದು ದಿನ. ಮೂತ್ರಪಿಂಡದ ತೊಂದರೆ ಇರುವವರಿಗೆ ಹಲವು ಬಾರಿ ಇದೇ ಸುರಕ್ಷಿತ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರುವುದರಿಂದ ಆ ದಿನಗಳಲ್ಲಿ ಹೆಚ್ಚು ಬಾರಿ ಪರೀಕ್ಷಿಸಬೇಕು. ಸ್ಟೀರಾಯ್ಡ್ ಎಂದೊಡನೆ ಹೆದರುವ ಓದುಗರಿಗೆ ನನ್ನ ಮಾತು ಇಷ್ಟೇ: ವೈದ್ಯರು ಐದು ದಿನಕ್ಕೆ ಎಣಿಸಿಕೊಟ್ಟ ಸ್ಟೀರಾಯ್ಡ್‌ಗಿಂತ, ಹೆಸರು ಬರೆಯದ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಬರುವ "ಗಂಟುನೋವಿನ ಪುಡಿ" ಹೆಚ್ಚು ಅಪಾಯಕಾರಿ. ಅಂಥ ಪುಡಿಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾದದ್ದುಂಟು.

ಔಷಧದ ಜತೆಗೆ ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತಿಪ್ಪತ್ತು ನಿಮಿಷ ಇಡಿ. ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು ಈ ನೋವಿಗೆ ಸಲ್ಲದು.

ಹಂತ 3: ಯೂರಿಕ್ ಆಸಿಡ್ ಇಳಿಸುವ ಮಾತ್ರೆ ನಿಮಗೆ ಬೇಕೇ ಎಂದು ನಿರ್ಧರಿಸಿ

ಒಮ್ಮೆ ನೋವು ಬಂದವರೆಲ್ಲರಿಗೂ ಇದು ಬೇಕಾಗಿಲ್ಲ. ವರ್ಷದಲ್ಲಿ ಎರಡು ಅಥವಾ ಹೆಚ್ಚು ಬಾರಿ ನೋವು ಬರುವವರಿಗೆ, ಕಿವಿಯ ಅಂಚು, ಮೊಣಕೈ, ಬೆರಳುಗಳಲ್ಲಿ ಟೋಫೈ ಎಂಬ ಗಂಟುಗಳು, ಅಂದರೆ ಚರ್ಮದಡಿ ಸುಣ್ಣದ ಬಣ್ಣದಲ್ಲಿ ಕಾಣುವ ಹರಳಿನ ರಾಶಿ, ಬೆಳೆದವರಿಗೆ, ಎಕ್ಸ್‌ರೇಯಲ್ಲಿ ಕೀಲು ಸವೆದದ್ದು ಕಂಡವರಿಗೆ ಖಂಡಿತ ಬೇಕು. ಮೊದಲ ನೋವೇ ಆದರೂ ಮೂತ್ರಪಿಂಡದ ಕಾಯಿಲೆ, ಮೂತ್ರದ ಕಲ್ಲು, ಅಥವಾ 9ಕ್ಕಿಂತ ಹೆಚ್ಚಿನ ಯೂರಿಕ್ ಆಸಿಡ್ ಇದ್ದರೆ ಆಗಲೇ ಆರಂಭಿಸುವುದನ್ನು ವೈದ್ಯರೊಡನೆ ಚರ್ಚಿಸಬೇಕು.

ಇದೇ ಭೇಟಿಯಲ್ಲಿ ನಿಮ್ಮ ಇತರ ಮಾತ್ರೆಗಳನ್ನೂ ತೋರಿಸಿ. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್‌ನಂಥ ಮೂತ್ರವರ್ಧಕಗಳು, ಕಡಿಮೆ ಪ್ರಮಾಣದ ಆಸ್ಪಿರಿನ್, ಕ್ಷಯರೋಗದ ಪೈರಜಿನಮೈಡ್ ಯೂರಿಕ್ ಆಸಿಡ್ ಏರಿಸುತ್ತವೆ. ಲೊಸಾರ್ಟನ್ ಎಂಬ ರಕ್ತದೊತ್ತಡದ ಮಾತ್ರೆ ತುಸು ಇಳಿಸುತ್ತದೆ. ಬದಲಿಸಬಹುದೇ ಎಂದು ಕೇಳುವುದು ನಿಮ್ಮ ಹಕ್ಕು, ಆದರೆ ತಾವಾಗಿ ನಿಲ್ಲಿಸುವುದು ತಪ್ಪು. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಅಥವಾ ಕ್ಷಯದ ಮಾತ್ರೆಯನ್ನು ಹೆಬ್ಬೆರಳಿನ ನೋವಿಗಾಗಿ ಬಿಡುವುದು ದೊಡ್ಡ ಅನಾಹುತಕ್ಕೆ ದಾರಿ.

ಹಂತ 4: ಕಡಿಮೆಯಲ್ಲಿ ಆರಂಭಿಸಿ, ಗುರಿ ಮುಟ್ಟುವ ತನಕ ಏರಿಸಿ

ಮೊದಲ ಆಯ್ಕೆ ಸಾಮಾನ್ಯವಾಗಿ ಅಲೋಪುರಿನಾಲ್. ಇದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ ಔಷಧ ಸಂಶೋಧನೆಯ ಕೊಡುಗೆಗಾಗಿ 1988ರ ನೊಬೆಲ್ ಪ್ರಶಸ್ತಿ ಸಂದಿತು. 1966ರಿಂದ ಬಳಕೆಯಲ್ಲಿರುವ, ಅಗ್ಗದ, ಚೆನ್ನಾಗಿ ತಿಳಿದಿರುವ ಔಷಧವಿದು. ಯೂರಿಕ್ ಆಸಿಡ್ ತಯಾರಾಗುವ ಕೊನೆಯ ಹಂತದ ಕಿಣ್ವವನ್ನು ಇದು ತಡೆಯುತ್ತದೆ. ದಿನಕ್ಕೆ 100 ಮಿಲಿಗ್ರಾಂನಿಂದ, ಮೂತ್ರಪಿಂಡ ಕುಂದಿದವರಲ್ಲಿ 50ರಿಂದ ಆರಂಭಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷಿಸಿ, ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಇಳಿಯುವ ತನಕ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ಟೋಫೈ ಗಂಟುಗಳಿರುವವರಿಗೆ ಗುರಿ 5ಕ್ಕಿಂತ ಕೆಳಗೆ. ಊಟದ ನಂತರ ಸಾಕಷ್ಟು ನೀರಿನೊಡನೆ ನುಂಗಬೇಕು.

ಈ ಹಂತದಲ್ಲಿಯೇ ಚಿಕಿತ್ಸೆ ಹೆಚ್ಚಾಗಿ ಹಳಿ ತಪ್ಪುವುದು. 100 ಮಿಲಿಗ್ರಾಂ ಎಂಬುದು ಆರಂಭದ ಪ್ರಮಾಣ ಮಾತ್ರ, ಹಲವರಿಗೆ 300 ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಆದರೆ ಅದೇ ಚೀಟಿಯನ್ನು ತೋರಿಸಿ ವರ್ಷಗಟ್ಟಲೆ 100ರ ಮಾತ್ರೆಯನ್ನೇ ಕೊಂಡು ನುಂಗುತ್ತ, ಒಮ್ಮೆಯೂ ಮರುಪರೀಕ್ಷೆ ಮಾಡಿಸದೆ, "ಮಾತ್ರೆ ತಿಂದರೂ ನೋವು ಬರುತ್ತದೆ" ಎನ್ನುವವರು ಬಹಳ. ತಪ್ಪು ಮಾತ್ರೆಯದಲ್ಲ, ಗುರಿಯನ್ನು ಯಾರೂ ನೋಡದಿರುವುದು. ನಿಮ್ಮ ವರದಿಯಲ್ಲಿನ ಸಂಖ್ಯೆ 6ಕ್ಕಿಂತ ಮೇಲಿದ್ದರೆ, ಅದು ಪ್ರಯೋಗಾಲಯದ "ಸಹಜ ವ್ಯಾಪ್ತಿ"ಯ ಒಳಗೇ ಇದ್ದರೂ, ಗೌಟ್ ಇರುವವರಿಗೆ ಸಾಲದು. ಕೆಲವು ಪ್ರಯೋಗಾಲಯಗಳು 7ರ ತನಕ ಸಹಜವೆಂದು ಮುದ್ರಿಸುತ್ತವೆ.

ಅಲೋಪುರಿನಾಲ್‌ನ ದೊಡ್ಡ ಅಪಾಯ ಅಪರೂಪದ್ದು, ಆದರೆ ಪ್ರಾಣಾಂತಿಕವಾಗಬಲ್ಲದ್ದು: ತೀವ್ರ ಚರ್ಮದ ಅಲರ್ಜಿ. ಹೆಚ್ಚಿನ ಪ್ರಕರಣಗಳು ಮೊದಲ ಎರಡು ತಿಂಗಳಲ್ಲಿ ಕಾಣಿಸಿಕೊಳ್ಳುತ್ತವೆ. ಮೈಮೇಲೆ ದದ್ದು, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಜ್ವರ, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. "ಉಷ್ಣವಾಯಿತು" ಎಂದು ಬೊಂಡ ಕುಡಿದು ಮಾತ್ರೆ ಮುಂದುವರಿಸಿದರೆ ಕೈಮೀರಬಹುದು. ಮೂತ್ರಪಿಂಡ ಕಸಿ ಮುಂತಾದ ಕಾರಣಕ್ಕೆ ಅಜಾಥಯೋಪ್ರಿನ್ ತೆಗೆದುಕೊಳ್ಳುವವರಿಗೆ ಅಲೋಪುರಿನಾಲ್ ಕೂಡದು, ಫೆಬುಕ್ಸೋಸ್ಟಾಟ್ ಕೂಡ ಕೂಡದು. ರಕ್ತಕಣಗಳ ಉತ್ಪಾದನೆಯೇ ಕುಸಿಯುವ ಅಪಾಯವಿದೆ.

ಫೆಬುಕ್ಸೋಸ್ಟಾಟ್ ಎರಡನೆಯ ಆಯ್ಕೆ, 40 ಮಿಲಿಗ್ರಾಂನಿಂದ ಆರಂಭ, ಬೇಕಾದರೆ 80. ಅಲೋಪುರಿನಾಲ್ ಒಗ್ಗದವರಿಗೆ ಇದು ಒಳ್ಳೆಯ ಔಷಧ. ಹೃದ್ರೋಗಿಗಳಲ್ಲಿ ಹೃದಯದ ಕಾರಣದ ಸಾವು ಹೆಚ್ಚಿರಬಹುದೆಂದು 2018ರ ಅಧ್ಯಯನವೊಂದು ಸೂಚಿಸಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಕಟ್ಟೆಚ್ಚರಿಕೆ ಹಾಕಿತು. 2020ರ ಯುರೋಪಿನ ಅಧ್ಯಯನದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಹೃದಯಾಘಾತ ಆದವರು ಇದನ್ನು ವೈದ್ಯರೊಡನೆ ಮಾತನಾಡಿಯೇ ತೆಗೆದುಕೊಳ್ಳಬೇಕು. ಇಲ್ಲೊಂದು ಸಣ್ಣ ಆದರೆ ನಿಜವಾದ ಅಪಾಯವಿದೆ: ಇಬ್ಬರು ವೈದ್ಯರು ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಔಷಧವನ್ನು ಬರೆದಾಗ ಎರಡನ್ನೂ ನುಂಗುವುದು. ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನು ಮೆಡಿಕಲ್‌ನವರಿಂದ ಓದಿಸಿಕೊಳ್ಳಿ. ಅದೇ ಹೆಸರಿನಲ್ಲಿ ಜನೌಷಧಿ ಕೇಂದ್ರದಲ್ಲಿ ಕೇಳಿದರೆ ಖರ್ಚೂ ಕಡಿಮೆಯಾದೀತು.

ಹಂತ 5: ಮಾತ್ರೆ ಶುರುವಾದ ಮೇಲೂ ನೋವು ಬಂದರೆ ಗಾಬರಿಯಾಗಬೇಡಿ

ಯೂರಿಕ್ ಆಸಿಡ್ ಇಳಿಯತೊಡಗಿದಂತೆ ಕೀಲಿನಲ್ಲಿ ಕೂತ ಹಳೆಯ ಹರಳುಗಳು ಕರಗಿ ಸಡಿಲವಾಗುತ್ತವೆ, ಆಗ ಉರಿಯೂತ ಮತ್ತೆ ಕೆರಳಬಹುದು. ಮೊದಲ ಕೆಲವು ತಿಂಗಳಲ್ಲಿ ಬರುವ ಈ ನೋವು ಔಷಧ ಕೆಲಸ ಮಾಡುತ್ತಿರುವುದರ ಫಲ. ಅದನ್ನು ತಡೆಯಲೆಂದೇ ಮೊದಲ ಮೂರರಿಂದ ಆರು ತಿಂಗಳು ಕೊಲ್ಚಿಸಿನ್ 0.5 ಮಿಲಿಗ್ರಾಂ ದಿನಕ್ಕೆ ಒಂದು ಅಥವಾ ಎರಡು ಬಾರಿ ಕೊಡುತ್ತಾರೆ. ನಿಮ್ಮ ಚೀಟಿಯಲ್ಲಿ ಅದಿಲ್ಲದಿದ್ದರೆ ಕೇಳಿ. ನೋವು ಬಂದೇ ಬಂದರೆ ಹಂತ 2ರಲ್ಲಿ ಹೇಳಿದ ಉರಿಯೂತದ ಔಷಧವನ್ನು ಜತೆಗೆ ತೆಗೆದುಕೊಳ್ಳಿ, ಯೂರಿಕ್ ಆಸಿಡ್‌ನ ಮಾತ್ರೆಯನ್ನು ಮಾತ್ರ ಒಂದು ದಿನವೂ ಬಿಡಬೇಡಿ. ನಿಲ್ಲಿಸುವುದು, ಮತ್ತೆ ಆರಂಭಿಸುವುದು, ಹೀಗೆ ಮಟ್ಟ ಏರಿಳಿಯುವುದೇ ಹೊಸ ನೋವಿಗೆ ಕಾರಣವಾಗುತ್ತದೆ.

ಹಂತ 6: ಊಟದಲ್ಲಿ ಬದಲಿಸಬೇಕಾದದ್ದು, ಬದಲಿಸಬೇಕಾಗಿಲ್ಲದ್ದು

ಕಟ್ಟುನಿಟ್ಟಿನ ಪಥ್ಯದಿಂದ ಯೂರಿಕ್ ಆಸಿಡ್ ಇಳಿಯುವುದು ಹೆಚ್ಚೆಂದರೆ ಸುಮಾರು 1 ಮಿಲಿಗ್ರಾಂ. ಹಾಗಾಗಿ 9 ಇರುವವರು ಪಥ್ಯ ಒಂದರಿಂದಲೇ 6ಕ್ಕೆ ಬರಲಾರರು, ಅದು ಅವರ ಮನೋಬಲದ ಕೊರತೆಯೂ ಅಲ್ಲ. ಮನೆಯವರು ರೋಗಿಯ ತಟ್ಟೆಯ ಮೇಲೆ ಕಣ್ಣಿಟ್ಟು ಹಂಗಿಸುವುದನ್ನು ಬಿಡಬೇಕು.

ಬೂತಾಯಿ, ಬಂಗುಡೆ, ಎಟ್ಟಿ, ಮರುವಾಯಿ, ಪಚ್ಚಿಲೆ, ಇವುಗಳಲ್ಲಿ ಪ್ಯೂರಿನ್ ಹೆಚ್ಚು. ನೀರಿನಂಶ ಹೋಗಿರುವ ಒಣಮೀನಿನಲ್ಲಿ ಅದೇ ತೂಕಕ್ಕೆ ಇನ್ನೂ ಹೆಚ್ಚು; ಜೂನ್-ಜುಲೈಯ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಇದನ್ನು ನೆನಪಿಡಿ. ಮೀನು ಪೂರ್ತಿ ಬಿಡಬೇಕಾಗಿಲ್ಲ, ದಿನನಿತ್ಯದ ಬದಲು ವಾರಕ್ಕೆ ಒಂದೆರಡು ಬಾರಿ, ಒಂದೆರಡು ತುಂಡು ಸಾಕು. ಬೇಯುವಾಗ ಪ್ಯೂರಿನ್ ನೀರಿಗೆ ಇಳಿಯುವುದರಿಂದ ಗಸಿಯನ್ನು ಅನ್ನಕ್ಕೆ ಸುರಿದುಕೊಳ್ಳುವುದು ಕಡಿಮೆಯಿರಲಿ. ಕುರಿ, ಕೋಳಿಯ ಲಿವರ್ ಮತ್ತು ಕಿಡ್ನಿಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಮದ್ಯಗಳಲ್ಲಿ ಬಿಯರ್ ಅತ್ಯಂತ ಕೆಟ್ಟದ್ದು. ಉಳಿದವೂ, ಹುಳಿಬಂದ ಕಳ್ಳು ಸೇರಿದಂತೆ, ನಿರಪಾಯವಲ್ಲ. ಸಿಹಿ ತಂಪುಪಾನೀಯಗಳಲ್ಲಿರುವ ಫ್ರಕ್ಟೋಸ್ ಕೂಡ ಯೂರಿಕ್ ಆಸಿಡ್ ಏರಿಸುತ್ತದೆ, ಇದು ಹಲವರಿಗೆ ತಿಳಿದಿಲ್ಲ. ಪುನರ್ಪುಳಿಯ ಸಿಹಿ ಶರಬತ್ತಿಗಿಂತ ಸಕ್ಕರೆಯಿಲ್ಲದ ಸಾರು ಮೇಲು.

ಬೇಳೆ, ಹುರುಳಿ, ಅಳಸಂದೆ, ಉದ್ದಿನ ದೋಸೆ, ಬಸಳೆ, ಹರಿವೆಗಳನ್ನು ಗೌಟ್‌ಗೆ ಹೆದರಿ ಬಿಡಬೇಡಿ. ತರಕಾರಿ ಮತ್ತು ಧಾನ್ಯಗಳ ಪ್ಯೂರಿನ್‌ನಿಂದ ಗೌಟ್ ಹೆಚ್ಚುವುದಿಲ್ಲ ಎಂದು 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೇ ತೋರಿಸಿದೆ. ಕೆನೆ ತೆಗೆದ ಹಾಲು, ಮಜ್ಜಿಗೆ ಒಳ್ಳೆಯವು. ಬಿಂಬುಳಿಯ ರಸವನ್ನು ಕೊಲೆಸ್ಟರಾಲ್‌ಗೋ ಯೂರಿಕ್ ಆಸಿಡ್‌ಗೋ ಎಂದು ಲೋಟಗಟ್ಟಲೆ ಕುಡಿಯುವುದು ಬೇಡ, ಅದರ ಆಕ್ಸಲೇಟ್‌ನಿಂದ ಮೂತ್ರಪಿಂಡಗಳು ಹಠಾತ್ತನೆ ಕೆಟ್ಟ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ.

ತೂಕ ಇಳಿಸುವುದು ನಿಧಾನವಾಗಿರಲಿ. ನೀರನ್ನೂ ಮುಟ್ಟದ ಏಕಾದಶಿ ಉಪವಾಸ ಅಥವಾ ರಂಜಾನ್ ಉಪವಾಸ ಮಾಡುವವರು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ನೀರಿನ ಕೊರತೆ ಮತ್ತು ಹಠಾತ್ ಉಪವಾಸ ಎರಡೂ ನೋವನ್ನು ಕೆರಳಿಸಬಲ್ಲವು. ನಮ್ಮ ಸೆಕೆಯಲ್ಲಿ ಬೆವರಿಗೆ ತಕ್ಕಂತೆ ನೀರು ಕುಡಿಯಿರಿ, ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರಿಗೆ ಮಿತಿ ಹಾಕಿಸಿಕೊಂಡವರು ಆ ಮಿತಿಯನ್ನೇ ಪಾಲಿಸಬೇಕು.

ಹಂತ 7: ಗುರಿ ಮುಟ್ಟಿದ ನಂತರ

ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ನಿಂತರೆ ಹೊಸ ಹರಳು ಹುಟ್ಟುವುದಿಲ್ಲ, ಹಳೆಯವು ತಿಂಗಳು, ವರ್ಷಗಳ ಅವಧಿಯಲ್ಲಿ ಕರಗುತ್ತವೆ, ಟೋಫೈ ಗಂಟುಗಳೂ ಕ್ರಮೇಣ ಕುಗ್ಗುತ್ತವೆ. ವರದಿಯಲ್ಲಿ 5.2 ಎಂದು ಕಂಡಾಗ "ಗುಣವಾಯಿತು" ಎಂದು ಮಾತ್ರೆ ಬಿಡಲು ಮನಸ್ಸಾಗುತ್ತದೆ. ಆ 5.2 ಬಂದಿರುವುದು ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಹಳೆಯ ಸಂಖ್ಯೆಗೆ ಮರಳುತ್ತದೆ. ಹೆಚ್ಚಿನವರಿಗೆ ಇದು ಜೀವನಪರ್ಯಂತದ ಮಾತ್ರೆ. ಮಟ್ಟ ಸ್ಥಿರವಾದ ಮೇಲೆ ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಯೂರಿಕ್ ಆಸಿಡ್, ಕ್ರಿಯಾಟಿನಿನ್ ಮತ್ತು ಲಿವರ್ ಪರೀಕ್ಷೆ ಸಾಕು. ಬೇರೆ ಕಾಯಿಲೆಗೋ ಶಸ್ತ್ರಚಿಕಿತ್ಸೆಗೋ ಆಸ್ಪತ್ರೆಗೆ ದಾಖಲಾದಾಗ ಗೌಟ್ ಇದೆಯೆಂದೂ ಯಾವ ಮಾತ್ರೆ ನಡೆಯುತ್ತಿದೆಯೆಂದೂ ಮೊದಲ ದಿನವೇ ಹೇಳಿ, ಏಕೆಂದರೆ ಅಂಥ ದಿನಗಳಲ್ಲಿ ನೋವು ಮರುಕಳಿಸುವುದು ಹೆಚ್ಚು. ಮನೆಗೆ ಮರಳುವಾಗ ಕೊಡುವ ಚೀಟಿಯಲ್ಲಿ ಆ ಮಾತ್ರೆ ಬಿಟ್ಟುಹೋಗಿಲ್ಲವೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ.